ಗೊತ್ತಿಲ್ಲದ ರಾಣಿ

ಜನವರಿ 9

ಈ ನಾಟಕದಲ್ಲಿ ಪಾರ್ಟು ಮಾಡೋರೆಲ್ಲ ದಿನಚರಿ ಬರೀಬೇಕಂತೆ. ನಿರ್ದೇಶಕಿ ನಿಶ್ಚಿತಾಳ ಹುಕುಂ. "ಯಾರಿಗೂ ತೋರಿಸ್ಬೇಡಿ ಪ್ರೇಮಮ್ಮ, ನಂಗೂ ಬೇಡ. ನಿಮಗೋಸ್ಕರ ಬರ್ಕೊಳ್ಳಿ" ಅಂದಳು. ನನಗೋಸ್ಕರ ನಾನು ಒಂದು ಸೌಟು ಸಾರು ಮಾಡ್ಕೊಂಡು ಎಷ್ಟು ಕಾಲವಾಯ್ತೋ, ಇನ್ನು ಬರವಣಿಗೆ ಬೇರೆ ಕೇಡು ಅಂದುಕೊಂಡೆ. ಆದರೂ ಕೂತಿದ್ದೀನಿ. ಈ ಹೆಂಗಸಿಗೆ ಬರೆಯೋಕೆ ಬರೋಲ್ಲ ಅಂತ ಜೊತೆಗೆ ಪಾರ್ಟು ಮಾಡೋ ಕಾಲೇಜು ಹುಡುಗರು ಅಂದುಕೊಳ್ಳೋದು ಬೇಡ.

ಹೆಸರು ಪ್ರೇಮಲೀಲಾ. ಅಪ್ಪ ಅಮ್ಮ ಇಟ್ಟದ್ದು ಕೆಂಚಮ್ಮ. ಅದು ಸ್ಟೇಜಿಗೆ ಆಗೋಲ್ಲ ಅಂತ ನಮ್ಮ ಮೇಷ್ಟ್ರು ಬದಲಾಯಿಸಿದರು. ಮನೆ ಮಂಡಿ ಮೊಹಲ್ಲಾದಲ್ಲಿ. ಕಸುಬು, ಹಳ್ಳಿ ನಾಟಕಗಳಿಗೆ ಹೋಗಿ ಹೆಣ್ಣು ಪಾರ್ಟು ಮಾಡೋದು. ಊರ ಗಂಡಸರು ರಾಜ, ಮಂತ್ರಿ, ಸೇನಾಧಿಪತಿ ಎಲ್ಲ ಆಗ್ತಾರೆ. ರಾಣಿ ಬೇಕಾದಾಗ ಮಾತ್ರ ಮೈಸೂರಿಂದ ನಮ್ಮನ್ನ ಕರೆಸ್ತಾರೆ. ಮೂವತ್ತು ವರ್ಷದ ಹತ್ತಿರ ರಾಣಿಯಾಗಿ ಅತ್ತಿದ್ದೀನಿ. ನರಸೀಪುರದಿಂದ ಮಳವಳ್ಳಿವರೆಗೂ ಯಾರನ್ನ ಬೇಕಾದರೂ ಕೇಳಲಿ. ಪ್ರೇಮಲೀಲಾ ಅತ್ತರೆ ಹಿಂದೆ ಬೀಡಿ ಸೇದುತ್ತಾ ನಿಂತ ಗಂಡಸರೂ ಟವಲ್ಲು ಕಣ್ಣಿಗೆ ಒತ್ತಿಕೊಳ್ತಿದ್ದರು. ಹೋದ ವರ್ಷದಿಂದ ಅಳೋದು ಬಿಟ್ಟಿದ್ದೀನಿ. ಸ್ಟೇಜಿನ ಮೇಲೂ ಇಲ್ಲ, ಮನೆಯಲ್ಲೂ ಇಲ್ಲ. ಬಿಟ್ಟಿದ್ದೀನಿ ಅಂದರೆ ಬಿಟ್ಟಿದ್ದೀನಿ.

ಅದನ್ನ ನಿಶ್ಚಿತಾಗೆ ಮೊದಲೇ ಹೇಳಿದೆ. "ನೋಡಮ್ಮ, ಅಳೋ ಪಾರ್ಟಾದ್ರೆ ನಾನು ಬರೋಲ್ಲ." ಅವಳು, "ಇದು ಗ್ರೀಕರ ಧಾಟೀಲಿ ನಾನೇ ಬರೆದಿರೋ ದುರಂತ ನಾಟಕ ಪ್ರೇಮಮ್ಮ. ಇದ್ರಲ್ಲಿ ಅಳೋದು ನೋಡೋರ ಕೆಲಸ, ನಿಮ್ದಲ್ಲ" ಅಂದಳು. ಆ ಮಾತು ಹಿಡಿಸ್ತು. ಅದಕ್ಕೇ ಒಪ್ಪಿಕೊಂಡೆ.

ಒಂಟಿಕೊಪ್ಪಲ್‌ನಲ್ಲಿ ಅವಳ ಅಜ್ಜಿ ಮನೆ. ಮಹಡಿ ಮೇಲೆ ಪ್ರಾಕ್ಟೀಸು. ಇವತ್ತು ಬರೀ ಉಸಿರಾಡಿಸಿದಳು. ಮೂಗಲ್ಲಿ ಎಳ್ಕೊಳ್ಳಿ, ಬಾಯಲ್ಲಿ ಬಿಡಿ ಅಂತ. ಐವತ್ತು ದಾಟಿದೋಳಿಗೆ ಉಸಿರಾಡೋದು ಹೇಳಿಕೊಡೋಕೆ ಬಂದಿದ್ದಾಳೆ, ಇರಲಿ.

ಮೇಷ್ಟ್ರ ಫೋನು ಇವತ್ತೂ ಬಂತು. ತೆಗೀಲಿಲ್ಲ.

ಜನವರಿ 15

ಸಂಕ್ರಾಂತಿ. ವರ್ಷ ತುಂಬದ ಮನೆ, ನಾವು ಎಳ್ಳು ಬೀರೋ ಹಾಗಿಲ್ಲ. ಪಕ್ಕದ ಮನೆಯವರು ತಂದುಕೊಟ್ಟಿದ್ದನ್ನ ಬಿಂದು ತಿನ್ನಲೂ ಇಲ್ಲ. ಸೀರೆ ಅಂಗಡಿಯಲ್ಲಿ ದಿನವೆಲ್ಲಾ ನಿಂತು ಬಂದ ಮಗಳು, ಬಂದೋಳೇ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನನಗೂ ಮಾಡೋಕೆ ಏನೂ ಇಲ್ಲ. ಅವತ್ತಿನದ್ದನ್ನ ಒಂದು ಸಲ ಬರೆದು ಬಿಸಾಕ್ತೀನಿ. ಬರೆದ ಮೇಲೆ ಮತ್ತೆ ಇದರ ಸುದ್ದಿ ಎತ್ತೋಲ್ಲ.

ನಮ್ಮೋರು ಮಂಡಿಯಲ್ಲಿ ಬೆಲ್ಲದ ಅಂಗಡಿ ಗುಮಾಸ್ತರು. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನಾನು ಹೊಳೆ ಆಚೆಯ ಒಂದೂರಿಗೆ ನಾಟಕಕ್ಕೆ ಹೋಗಿದ್ದೆ. ಇಲ್ಲಿ ಊಟಕ್ಕೆ ಕೂತೋರು ತಟ್ಟೆ ಮುಂದೇನೇ ಒರಗಿದರು. ಎದೆ ನಿಂತುಹೋಗಿತ್ತು. ಬಿಂದು ನನಗೆ ಫೋನ್ ಮಾಡಿದಳು. ಬಣ್ಣಕ್ಕೆ ಕೂರೋ ಮುಂಚೆ ಎಲ್ಲರ ಫೋನೂ ಮೇಷ್ಟ್ರ ಚೀಲಕ್ಕೆ ಹಾಕೋದು ನಮ್ಮಲ್ಲಿ ಪದ್ಧತಿ. ಹಾರ್ಮೋನಿಯಂ ಮೇಷ್ಟ್ರು ಸಣ್ಣಮಾದಯ್ಯ, ನನಗೆ ಹಾಡು, ಮಾತು, ನಿಲ್ಲೋದು, ನಡೆಯೋದು ಎಲ್ಲ ಕಲಿಸಿದೋರು, ಫೋನ್ ತೆಗೆದರು. "ಹೇಳ್ತೀನಿ ಮಗ" ಅಂದರು. ಹೇಳಲಿಲ್ಲ. ರಾಣಿ ಎದ್ದು ಹೋದರೆ ನಾಟಕ ನಿಲ್ಲುತ್ತೆ. ಊರಿನೋರು ಹೊಲ ಗದ್ದೆ ಬಿಟ್ಟು ಕಲಿತ ನಾಟಕ. ಅದಕ್ಕೆ ಮೇಕಪ್ಪಿನೋನಿಗೆ ಹೇಳಿದರು, ರಾಜನ ಪಾರ್ಟಿನೋನಿಗೆ ಹೇಳಿದರು, ಊರಿನ ಯಜಮಾನರಿಗೆ ಹೇಳಿದರು. ನನ್ನೊಬ್ಬಳನ್ನ ಬಿಟ್ಟು ಎಲ್ಲರಿಗೂ ಹೇಳಿದರು.

ಆ ನಾಟಕದ ಕೊನೇ ಸೀನು, ಗಂಡನ ಹೆಣದ ಮೇಲೆ ಬಿದ್ದು ರಾಣಿ ಅಳೋದು. ಹಾಡಿಕೊಂಡು ಅತ್ತೆ. ಮುಂದಿನ ಸಾಲಿನಿಂದ "ಒನ್ಸ್ ಮೋರ್" ಅಂದರು. ನಮ್ಮ ನಾಟಕಗಳಲ್ಲಿ ಹಾಗಂದರೆ ಮತ್ತೆ ಹಾಡಲೇಬೇಕು, ಇಲ್ಲಾಂದರೆ ಸಭೆಗೆ ಅವಮಾನ. ಎರಡನೇ ಸಲ ಅತ್ತೆ. ಆ ಸಾಲಲ್ಲಿ ಕೂತಿದ್ದೋರಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದರು. ಗೊತ್ತಿದ್ದೂ ಮೇಷ್ಟ್ರು ಪೇಟಿ ನುಡಿಸಿದರು.

ಬೆಳಗ್ಗೆ ಮಂಗಳ ಹಾಡಿದ ಮೇಲೆ ಜೀಪಲ್ಲಿ ಕೂರಿಸಿ, "ಮನೇಲಿ ಯಜಮಾನ್ರಿಗೆ ಸ್ವಲ್ಪ ಹುಷಾರಿಲ್ವಂತೆ" ಅಂದರು. ನಮ್ಮ ಬೀದಿಗೆ ಬಂದಾಗ ಬಾಗಿಲ ಮುಂದೆ ಬೆಂಕಿ ಹಾಕಿದ್ದರು. ಅದನ್ನ ನೋಡಿ ನಾನೇ ತಿಳ್ಕೊಂಡೆ. ಯಾವ ನನ್ಮಗನೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಹೇಳೋ ಮಾತನ್ನ ಹೇಳದೆ, ಈಗ ದಿನಾ ಫೋನ್ ಮಾಡ್ತಾರೆ ಮೇಷ್ಟ್ರು. ಯಾವುದೋ ನಾಟಕಕ್ಕೆ ಕರೆಯೋಕಿರಬೇಕು.

ಜನವರಿ 19

ಇವತ್ತು ಪೂರ್ತಿ ನಾಟಕ ಓದಿದಳು. ಮೈಯೆಲ್ಲಾ ಉರಿದುಹೋಯ್ತು.

ಒಂದು ಪಟ್ಟಣ. ರಾಜ ಯುದ್ಧಕ್ಕೆ ಹೋಗಿ ಸತ್ತಿದ್ದಾನೆ. ಅದು ಪಟ್ಟಣದ ಜನಕ್ಕೆಲ್ಲಾ ಗೊತ್ತು. ಗ್ರೀಕರ ನಾಟಕದಲ್ಲಿ ಹೀಗೆ ಗುಂಪಾಗಿ ನಿಂತು ಮಾತಾಡೋ ಮೇಳ ಒಂದಿರುತ್ತಂತೆ, ಆ ಮೇಳವೇ ಪಟ್ಟಣದ ಜನ. ಮೊದಲನೇ ಸೀನಲ್ಲೇ ಮೇಳ ಬಂದು ಸುದ್ದಿಯನ್ನ ಸಭೆಗೆ ಹೇಳಿಬಿಡುತ್ತೆ. ರಾಣಿಗೆ ಮಾತ್ರ ಗೊತ್ತಿಲ್ಲ. ಅವಳು ಬೀದಿ ಗುಡಿಸಿ, ತೋರಣ ಕಟ್ಟಿ, ಸ್ನಾನಕ್ಕೆ ನೀರು ಕಾಯಿಸಿ ಅಂತ ಹುಕುಂ ಕೊಡ್ತಾ ಓಡಾಡ್ತಾಳೆ. ಕೊನೆಗೆ ದೂತ ಬಂದು ಹೇಳ್ತಾನೆ. ರಾಣಿ ಒಂದು ಮಾತೂ ಆಡದೆ ಅರಮನೆ ಬಾಗಿಲೊಳಗೆ ಹೋಗ್ತಾಳೆ. ಅಲ್ಲಿಗೆ ಮುಗೀತು.

"ಈ ರಾಣಿ ಪಾರ್ಟು ನಾನು ಮಾಡೋಲ್ಲ" ಅಂದೆ.

"ಯಾಕೆ ಪ್ರೇಮಮ್ಮ? ಅಳೋ ಸೀನೇ ಇಲ್ವಲ್ಲ."

"ಅಷ್ಟೂ ಜನಕ್ಕೆ ಗೊತ್ತಿದ್ದು ಅವಳಿಗೊಬ್ಬಳಿಗೆ ಗೊತ್ತಿಲ್ಲ. ಪೆದ್ದಿ ತರಹ ತೋರಣ ಕಟ್ಟಿಸ್ತಾಳೆ. ನಾನು ಅವಳಾಗಿ ನಿಲ್ಲೋಲ್ಲ."

ನಿಶ್ಚಿತಾ ಪೆನ್ನು ತಿರುಗಿಸ್ತಾ ಪಾಠ ಶುರುಮಾಡಿದಳು. "ಅವಳಿಗೆ ಗೊತ್ತಿಲ್ಲ, ನೋಡೋರಿಗೆ ಗೊತ್ತು. ದುರಂತ ನಾಟಕ ನಡೆಯೋದೇ ಅದರ ಮೇಲೆ. ಅಯ್ಯೋ ಪಾಪ ಅನ್ನೋ ಕರುಣೆ, ನಮಗೂ ಹಿಂಗಾದ್ರೆ ಅನ್ನೋ ಭಯ, ಎರಡೂ ಉಕ್ಕಿ ಬರುತ್ತೆ. ಉಕ್ಕಿದ್ದೆಲ್ಲ ಹರಿದುಹೋಗಿ ಜನ ಮನಸ್ಸು ತಿಳಿಯಾಗಿ ಮನೆಗೆ ಹೋಗ್ತಾರೆ ಅಂತ ಒಬ್ಬ ಗ್ರೀಕ್ ಪಂಡಿತ ಹೇಳಿದ್ದಾನೆ."

"ಸರಿ ಕಣಮ್ಮ. ನೋಡಿದೋರು ತಿಳಿಯಾಗಿ ಮನೆಗೆ ಹೋದ್ರು. ರಾಣಿ ಎಲ್ಲಿಗೆ ಹೋದ್ಲು?"

ಅವಳು ಸ್ಕ್ರಿಪ್ಟಿನ ಹಾಳೆ ತಿರುವಿದಳು. ಮೇಳದ ಹುಡುಗರೂ ನೆಲ ನೋಡಿದರು. ಆ ಪಂಡಿತ ಚಾಪೆ ಮೇಲೆ ಕೂತು ನೋಡಿದೋನೇ ಹೊರತು ಬಣ್ಣ ಹಚ್ಚಿಕೊಂಡೋನಲ್ಲ, ಬರೆದುಕೊಡ್ತೀನಿ. ಅವನ ಗುರು ಇನ್ನೊಬ್ಬನಿದ್ದನಂತೆ. ನಾಟಕ ನೋಡಿ ಅತ್ತೂ ಅತ್ತೂ ಜನ ಮೆತ್ತಗಾಗ್ತಾರೆ, ನಾಟಕದೋರನ್ನ ಊರಿಂದಲೇ ಓಡಿಸಿ ಅಂದನಂತೆ. ಅವನೇ ವಾಸಿ. ಮುಖಕ್ಕೆ ಹೊಡೆದಂಗೆ ಹೇಳ್ತಾನೆ.

ನನಗೆ ದೂತನ ಪಾರ್ಟು ಕೊಡು, ಹೇಳೋ ಪಾರ್ಟು ಕೊಡು ಅಂತ ಕೇಳಿದೆ. ಅದನ್ನ ಅಭಿಲಾಷ್ ಅನ್ನೋ ಹುಡುಗನಿಗೆ ಕೊಟ್ಟಾಗಿದೆಯಂತೆ.

ಜನವರಿ 20

ಹೋಗಲಿಲ್ಲ.

ಜನವರಿ 21

ಹೋದೆ. ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಅಲ್ಲಿ ಕೂತು ಜಗಳ ಆಡೋದು ಮೇಲು. ಒಪ್ಪಿದೆ ಅಂತಲ್ಲ.

ಜನವರಿ 28

ಅಭಿಲಾಷ್ ಒಳ್ಳೇ ಹುಡುಗ. ಕಂಠ ಇದೆ, ಎತ್ತರ ಇದೆ, ಹೇಳೋಕೆ ಮಾತ್ರ ಬರೋಲ್ಲ. ದೂತ ಬಂದೋನು ಮೊದಲು ಬೆಟ್ಟ ಬಣ್ಣಿಸ್ತಾನೆ, ಆಮೇಲೆ ಕುದುರೆ, ಆಮೇಲೆ ಧೂಳು, ಆಮೇಲೆ ಸೂರ್ಯ. ರಾಜ ಸಾಯೋ ಹೊತ್ತಿಗೆ ನನಗೆ ಆಕಳಿಕೆ ಬರುತ್ತೆ.

"ನಿಲ್ಸಪ್ಪ" ಅಂದೆ. "ಎದುರಿಗೆ ಹೆಂಡತಿ ನಿಂತವಳೆ. ನೀನು ಕುದುರೆ ಬಣ್ಣ ಹೇಳ್ತಿದ್ದೀಯಲ್ಲ? ಹೋಗ್ಬುಟ್ರು ಅಂತ ಮೊದ್ಲು ಹೇಳು. ಕುದುರೆ ಆಮೇಲೆ."

"ಆಂಟಿ, ಗ್ರೀಕ್ ನಾಟಕದಲ್ಲಿ ಸಾವನ್ನ ತೋರಿಸೋಲ್ಲ. ಅದು ಒಳಗೆಲ್ಲೋ ಆಗಿರುತ್ತೆ, ದೂತ ಬಂದು ಉದ್ದಕ್ಕೆ ಹೇಳ್ಬೇಕು, ಅದೇ ಅದರ ಸೊಗಸು."

"ಸೊಗಸು ಅಂತೆ! ಆ ದೂತನಿಗೆ ಹೆದರಿಕೆ ಕಣೋ, ಅದಕ್ಕೇ ಉದ್ದಕ್ಕೆ ಹೇಳ್ತಾನೆ."

ನಿಶ್ಚಿತಾ ಒಂದು ಸಲ ನನ್ನ ನೋಡಿ, ಪೆನ್ನು ತೆಗೆದು, ಅವನ ಮಾತನ್ನ ಹಿಂದುಮುಂದು ಮಾಡಿದಳು. ಈಗ ಅವನು ಬಂದೋನೇ, "ಮಹಾರಾಣಿ, ನಿಮ್ಮ ಗಂಡ ಬದುಕಿಲ್ಲ" ಅಂತಾನೆ. ಮತ್ತೆ ಹೇಳು ಅಂದೆ. ಹೇಳಿದ. ಕಣ್ಣು ತಪ್ಪಿಸ್ಬೇಡ, ನನ್ನ ನೋಡಿಕೊಂಡು ಹೇಳು ಅಂದೆ. ಹೇಳಿದ. ಸಾಯಂಕಾಲವೆಲ್ಲಾ ಅದನ್ನೇ ಹೇಳಿಸಿದೆ. ಪಾಪ, ಹುಡುಗನಿಗೆ ಗಂಟಲು ಕಟ್ಟಿತು. ಪಾರ್ಟು ಸರಿ ಬರಬೇಕಲ್ಲ, ಅದಕ್ಕೇ ಹೇಳಿಸಿದ್ದು.

ಚಹಾ ಕುಡಿಯುವಾಗ ನೋಡೋರ ವಿಷಯ ಬಂತು. ನಮ್ಮೋರ ಕಥೆ ಹೇಳಿದೆ. ಮದುವೆಯಾದ ಹೊಸದರಲ್ಲಿ ಒಂದು ಸಲ ನನ್ನ ನಾಟಕಕ್ಕೆ ಬಂದಿದ್ದರು. ಖಳನಾಯಕ ನನ್ನ ಜಡೆ ಹಿಡಿದು ಎಳೆಯೋ ಸೀನು. ಇವರು ಸಭೆಯಿಂದ ಎದ್ದು, ಪಂಚೆ ಎತ್ತಿಕಟ್ಟಿ, ಸ್ಟೇಜು ಹತ್ತಿ, "ಬುಡೋ, ಬುಡೋ ಅವಳನ್ನ" ಅಂತ ಅವನ ಕಿರೀಟ ಕಿತ್ತು ಎಸೆದರು. ಇಡೀ ಊರು ನಕ್ಕಿತು. ಮತ್ತೆ ಯಾವತ್ತೂ ನೋಡೋಕೆ ಬರಲಿಲ್ಲ. "ನೀನು ಅಳೋದನ್ನ ಸುಮ್ನೆ ಕೂತು ನೋಡೋಕೆ ನಂಗಾಗಕಿಲ್ಲ" ಅಂತಿದ್ದರು. ಹುಡುಗರೆಲ್ಲ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ.

ನಿಶ್ಚಿತಾ ನಗಲಿಲ್ಲ. ಅವಳು ಬೇರೊಂದು ಕಥೆ ಹೇಳಿದಳು. ಗ್ರೀಕರಲ್ಲಿ ಒಬ್ಬ ನಾಟಕ ಬರೆಯೋನು ಆಗಷ್ಟೇ ನಡೆದಿದ್ದ ಒಂದು ಅನಾಹುತದ ಮೇಲೆ ನಾಟಕ ಆಡಿಸಿದನಂತೆ. ಸಭೆಯೆಲ್ಲಾ ಬಿಕ್ಕಿ ಬಿಕ್ಕಿ ಅತ್ತಿತಂತೆ. ನಮ್ಮ ನೋವನ್ನ ನಮಗೇ ನೆನಪಿಸಿದೆ ಅಂತ ಊರಿನೋರು ಅವನಿಗೆ ದಂಡ ಹಾಕಿ, ಆ ನಾಟಕ ಇನ್ನು ಆಡಕೂಡದು ಅಂದರಂತೆ. "ಅವನು ಮಾಡಿದ್ದು ತಪ್ಪಾ ಪ್ರೇಮಮ್ಮ?" ಅಂತ ಕೇಳಿದಳು. ಲೋಟದೊಳಗೆ ನೋಡಿಕೊಂಡು ಕೇಳಿದಳು. "ಅತ್ತೋರನ್ನ ಮೊದ್ಲು ಒಂದು ಮಾತು ಕೇಳಿದ್ನಾ?" ಅಂದೆ. ಅವಳು ಲೋಟ ತೊಳೆಯೋಕೆ ಎದ್ದುಹೋದಳು.

ಫೆಬ್ರವರಿ 4

ಎಲ್ಲ ಮೋಸ.

ಮೇಳದಲ್ಲಿ ವರ್ಷಿಣಿ ಅಂತ ಒಂದು ಹುಡುಗಿ. ಬಾಯಿ ಸುಮ್ಮನಿರೋಲ್ಲ, ಮನಸ್ಸು ಒಳ್ಳೇದು. ಇವತ್ತು ನನ್ನ ಸೀರೆ ನೆರಿಗೆ ಹಿಡೀತಾ, "ಆಂಟಿ, ನಿಮ್ ಧೈರ್ಯ ಯಾರಿಗೂ ಬರೋಲ್ಲ. ನಿಮಗೆ ಆಗಿದ್ದನ್ನೇ ನೀವು ಸ್ಟೇಜ್ ಮೇಲೆ ಮಾಡೋದು ಅಂದ್ರೆ..." ಅಂದು ಅಲ್ಲಿಗೇ ನಿಲ್ಲಿಸಿಬಿಟ್ಟಳು. ಸುತ್ತ ನೋಡಿದೆ. ಅಭಿಲಾಷ್ ಮುಖ ಬಿಳುಚಿಕೊಂಡಿತ್ತು. ಮೇಳದವರೆಲ್ಲಾ ಒಂದೇ ಸಲ ನಿಶ್ಚಿತಾ ಕಡೆ ನೋಡಿದರು.

ಎಲ್ಲರಿಗೂ ಗೊತ್ತಿದೆ. ಮೊದಲಿಂದಲೂ ಗೊತ್ತಿದೆ. ಗದರಿಸಿದ ಮೇಲೆ ವರ್ಷಿಣಿ ಬಾಯಿಬಿಟ್ಟಳು. ಮಳೆಗಾಲದಲ್ಲಿ ನಿಶ್ಚಿತಾ ಹಳ್ಳಿ ನಾಟಕದ ಬಗ್ಗೆ ತಿಳ್ಕೊಳ್ಳೋಕೆ ಅಂತ ಸಣ್ಣಮಾದಯ್ಯ ಮೇಷ್ಟ್ರ ಊರಿಗೆ ಹೋಗಿದ್ದಳಂತೆ. ಆ ಮುದುಕ ಅವಳ ಮುಂದೆ ಕೂತು, ಅತ್ತು, ಎಲ್ಲ ಹೇಳಿದ್ದಾನೆ. ಅವಳು ಬಂದು ನಾಟಕ ಬರೆದಿದ್ದಾಳೆ. ಬರೆದು ನನ್ನನ್ನೇ ಹುಡುಕಿಕೊಂಡು ಬಂದಿದ್ದಾಳೆ.

ಸ್ಕ್ರಿಪ್ಟನ್ನ ಅವಳ ಕಾಲ ಹತ್ತಿರ ಬಿಸಾಕಿದೆ. "ತೋರಣ ಕಟ್ಟಿಸ್ಕೊಂಡು ಓಡಾಡ್ತಿದ್ದೆ ಅಲ್ವಾ ನಾನು ಇಲ್ಲಿ? ನೀವೆಲ್ಲ ಗೊತ್ತಿದ್ದು ನೋಡ್ತಾ ಕೂತಿದ್ರಿ! ಚೆನ್ನಾಗಿತ್ತಾ? ಕರುಣೆ ಉಕ್ಕಿತಾ?" ಅಂತ ಬಾಯಿಗೆ ಬಂದಂಗೆ ಬೈದೆ. ಚಪ್ಪಲಿ ಹಾಕ್ಕೊಳ್ಳೋದೂ ಮರೆತು ಬೀದಿಗೆ ಬಂದುಬಿಟ್ಟೆ. ಅಭಿಲಾಷ್ ಚಪ್ಪಲಿ ಹಿಡ್ಕೊಂಡು ಹಿಂದೆ ಓಡಿಬಂದ. ಕಿತ್ಕೊಂಡು ಆಟೋ ಹತ್ತಿದೆ.

ಫೆಬ್ರವರಿ 5

ಥೂ ಇವರ ನಾಟಕಕ್ಕೆ. ಗ್ರೀಕರಿಗೂ ಥೂ.

ನನಗೆ ಹೊಟ್ಟೆ ಉರಿಯೋದು ಆ ಹುಡುಗಿ ಮೇಲಲ್ಲ. ಮೇಷ್ಟ್ರ ಮೇಲೆ. ನನಗೆ ಹೇಳಬೇಕಾದ ಮಾತನ್ನ ಅವಳಿಗೆ ಹೇಳಿದ್ದಾರೆ. ಯಾವುದೋ ಊರಿನ ಪರಿಚಯವಿಲ್ಲದ ಹುಡುಗಿ ಬಂದರೆ ಬಾಯಿ ಬರುತ್ತೆ, ನನ್ನ ಮುಂದೆ ಬರೋಲ್ಲ.

ಫೆಬ್ರವರಿ 9

ಬೆಳಗ್ಗೆ ನಿಶ್ಚಿತಾ ಮನೆಗೆ ಬಂದಳು. ಮೆಣಸಿನಕಾಯಿ ಮೂಟೆ ಇಳಿಸ್ತಿದ್ದ ಲಾರಿ ಸಂದಿಯಲ್ಲಿ ನುಗ್ಗಿ, ಸೀನ್ತಾ ಕೆಮ್ತಾ ಮೆಟ್ಟಿಲು ಹತ್ತಿದಳು. ಬಾಗಿಲು ತೆಗೆದ ಬಿಂದು ಅವಳನ್ನ ಒಳಗೆ ಕರೆದುಬಿಟ್ಟಳು, ಇಲ್ಲದಿದ್ದರೆ ನಾನು ಅಲ್ಲಿಂದಲೇ ಕಳಿಸ್ತಿದ್ದೆ.

"ಹೇಳ್ಬೇಕು ಅಂತ ದಿನಾ ಅಂದ್ಕೋತಿದ್ದೆ. ಹೇಳಿದ್ರೆ ನೀವು ಬರೋಲ್ಲ ಅಂತ ಭಯ ಆಯ್ತು" ಅಂದಳು.

"ಮೇಷ್ಟ್ರೂ ಅದನ್ನೇ ಅಂದ್ಕೊಂಡಿರ್ತಾರೆ. ಹೇಳಿದ್ರೆ ಎದ್ದು ಹೋಗ್ತಾಳೆ, ನಾಟಕ ನಿಲ್ಲುತ್ತೆ ಅಂತ."

ಅವಳ ಕಣ್ಣು ತುಂಬಿಕೊಂಡಿತು. ಮೇಷ್ಟ್ರ ಪರ ಮಾತಾಡೋಕೆ ನೋಡಿದಳು. ದುರಂತ ಆಗೋದು ಕೆಟ್ಟವರಿಂದ ಅಲ್ಲವಂತೆ. ಸಾಕಷ್ಟು ಒಳ್ಳೆಯವನೇ ಒಂದು ಕಡೆ ತಪ್ಪು ಎಣಿಸ್ತಾನಂತೆ, ಬಾಣ ಗುರಿ ತಪ್ಪಿದ ಹಾಗೆ. ಗ್ರೀಕರು ಅದನ್ನ ಪಾಪ ಅನ್ನೋಲ್ಲವಂತೆ.

"ಗುರಿ ತಪ್ಪೋದು ಕ್ಷಣದ ಮಾತು ಕಣಮ್ಮ. ಈಯಪ್ಪ ಬೆಳಗಾಗೋತನಕ ಪೇಟಿ ಒತ್ತಿದಾರೆ. ಪ್ರತಿ ಹಾಡಿಗೂ ನನ್ನ ಮುಖ ನೋಡಿ ಶ್ರುತಿ ಕೊಟ್ಟಿದಾರೆ. ಒಂದೊಂದು ಸಲವೂ ಹೇಳಬಹುದಿತ್ತು. ಹೇಳ್ನಿಲ್ಲ."

"ನಾನೂ ಅದೇ ಮಾಡಿದೆ" ಅಂತ ಅಂದು ಅಳೋಕೆ ಶುರುಮಾಡಿದಳು. ಅಯ್ಯೋ ಶಿವನೇ, ಅಳೋದಾದರೆ ನೆಟ್ಟಗಾದರೂ ಅಳು ಅಂತ ರೇಗಿದೆ. ಮುಖ ತೊಳೆಯೋಕೆ ಕಳಿಸಿದೆ. ಮಧ್ಯಾಹ್ನ ಆಗಿಹೋಗಿತ್ತು, ಅವರೆಕಾಳು ಹಿತುಕಿದ್ದು ಇತ್ತು, ಸಾರು ಮಾಡಿ ಮುದ್ದೆ ತಿರುವಿದೆ. ಆ ಹುಡುಗಿಗೆ ಮುದ್ದೆ ನುಂಗೋಕೆ ಬರೋಲ್ಲ, ಅಗೀತಾಳೆ! ಬಿಂದು ನಕ್ಕೂ ನಕ್ಕೂ ಎರಡು ಸಲ ಸಾರು ಹಾಕಿಸ್ಕೊಂಡಳು. ನಾನೂ ಉಂಡೆ.

ಕೈ ತೊಳೆಯುವಾಗ ಹೊಳೀತು. ಏನು ಹೊಳೀತು ಅಂತ ಇಲ್ಲೂ ಬರೆಯೋಲ್ಲ. ನಿಶ್ಚಿತಾಗೆ, "ರಾಣಿ ಪಾರ್ಟು ಮಾಡ್ತೀನಿ. ನೀನು ಬರೆದ ಒಂದು ಮಾತೂ ಬಿಡೋಲ್ಲ. ಆದ್ರೆ ದೂತ ಹೇಳಿದ ಮೇಲೆ ನಾನೇನು ಮಾಡ್ತೀನಿ ಅಂತ ನೀನು ಕೇಳಕೂಡದು" ಅಂದೆ.

"ನನಗಾದ್ರೂ ಹೇಳಿ ಪ್ರೇಮಮ್ಮ."

"ಈ ಸಲ ಗೊತ್ತಿರೋಳು ನಾನು. ಗೊತ್ತಿಲ್ಲದೆ ನಿಲ್ಲೋದು ಹೆಂಗಿರುತ್ತೆ ಅಂತ ನೀನೂ ಒಂದು ದಿನ ನೋಡು."

ಫೆಬ್ರವರಿ 18

ಪ್ರಾಕ್ಟೀಸು ಜೋರಾಗಿದೆ. ದೂತ ಹೇಳಿದ ಮೇಲೆ ನಾನು ದಿನಾ ಸುಮ್ಮನೆ ಬಾಗಿಲೊಳಗೆ ಹೋಗ್ತೀನಿ. ನಿಶ್ಚಿತಾ ಉಗುರು ಕಚ್ಚಿಕೊಂಡು ನೋಡ್ತಾಳೆ. ಇವತ್ತಲ್ಲ ಕಣಮ್ಮ ಅಂತ ಮನಸ್ಸಲ್ಲೇ ಅಂದುಕೊಳ್ತೀನಿ.

ಮೇಷ್ಟ್ರ ಫೋನ್ ಬಂತು. ತೆಗೆದೆ. ಯಾರು, ಯಾರು ಅಂತ ಎರಡು ಸಲ ಕೇಳಿದರು. ನಾನು ತೆಗೀತೀನಿ ಅಂತ ಅಂದುಕೊಂಡಿರಲಿಲ್ಲ ಅನ್ನಿಸುತ್ತೆ.

"ಭಾನುವಾರ ಮೈಸೂರಲ್ಲಿ ನನ್ನ ನಾಟಕ ಇದೆ. ಬನ್ನಿ. ಮುಂದಿನ ಸಾಲಲ್ಲಿ ಕೂತ್ಕೊಳ್ಳಿ" ಅಂದೆ.

"ಪ್ರೇಮಾ, ನಾನು ನಿಂಗೆ..."

"ಫೋನಲ್ಲಿ ಬೇಡ" ಅಂತ ಇಟ್ಟುಬಿಟ್ಟೆ.

ಫೆಬ್ರವರಿ 22

ಆಯ್ತು. ಆದದ್ದನ್ನ ಆದಂಗೇ ಬರೀತೀನಿ.

ಹಾಲು ತುಂಬಿತ್ತು. ಮೇಷ್ಟ್ರು ಬಿಳೀ ಪಂಚೆ ಉಟ್ಟು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದರು. ತುಂಬಾ ಸೊರಗಿದ್ದಾರೆ, ಕತ್ತಿನ ನರ ಕಾಣುತ್ತೆ. ಬಿಂದು ಅವರಿಂದ ನಾಲ್ಕು ಕುರ್ಚಿ ಆಚೆ ಕೂತಿದ್ದಳು, ಆ ಕಡೆ ತಿರುಗಿಯೂ ನೋಡದೆ.

ತೋರಣ ಕಟ್ಟಿಸಿದೆ. ನೀರು ಕಾಯಿಸಿದೆ. ಬೀದಿ ಗುಡಿಸಿದಿರಾ ಅಂತ ಮೇಳವನ್ನ ಗದರಿಸಿದೆ. ಸಭೆಯಲ್ಲಿ ಒಬ್ಬೊಬ್ಬರೇ ಮೂಗು ಎಳೆಯೋ ಸದ್ದು ಕೇಳಿಸ್ತಿತ್ತು. ಅಭಿಲಾಷ್ ಬಂದ. ನನ್ನ ಕಣ್ಣು ನೋಡಿಕೊಂಡು, "ಮಹಾರಾಣಿ, ನಿಮ್ಮ ಗಂಡ ಬದುಕಿಲ್ಲ" ಅಂದ. ಚೆನ್ನಾಗಿ ಹೇಳಿದ ಹುಡುಗ.

ನಾನು ಒಳಗೆ ಹೋಗಲಿಲ್ಲ. ಮೇಳದ ಕಡೆ ತಿರುಗಿ, "ಯಾವಾಗಿಂದ ಗೊತ್ತಿತ್ತು ನಿಮಗೆ?" ಅಂದೆ. ವರ್ಷಿಣಿಗೆ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಸ್ಟೇಜಿನ ತುದಿಗೆ ಬಂದು ಸಭೆಯನ್ನ ಕೇಳಿದೆ. "ನಿಮಗೆ? ಮೊದಲನೇ ಸೀನಿಂದ ನೋಡ್ತಾ ಕೂತಿದ್ದೀರಲ್ಲ, ನಿಮಗೂ ಗೊತ್ತಿತ್ತಲ್ಲ? ಒಬ್ಬರಾದ್ರೂ ಎದ್ದು ಒಂದು ಮಾತು ಹೇಳಬಾರದಿತ್ತಾ?"

ಪಟ್ಟಣದ ಸಭೆ, ಯಾರೂ ಉಸಿರೆತ್ತಲಿಲ್ಲ. ನಾಟಕದಲ್ಲಿ ಸುಮ್ಮನೆ ಕೂತಿರಬೇಕು ಅಂತ ಕಲಿತ ಜನ. ಹಳ್ಳಿಯಲ್ಲಾಗಿದ್ದರೆ ಸ್ಟೇಜಿಂದ ಕೇಳಿದ ಮಾತಿಗೆ ಸಭೆಯಿಂದ ಜವಾಬು ಬರದೆ ಇರೋಲ್ಲ, ಮುದುಕಿಯರಾದರೂ ಕೂಗಿ ಹೇಳ್ತಾರೆ. ಅದಕ್ಕೇ ಮೇಷ್ಟ್ರನ್ನ ಕರೆಸಿದ್ದು. ಅವರು ಹಳ್ಳಿ ನಾಟಕದೋರು, ಕೇಳಿದರೆ ಸುಮ್ಮನೆ ಕೂರೋಕೆ ಆಗೋಲ್ಲ ಅಂತ ನನಗೆ ಗೊತ್ತಿತ್ತು.

ಮೇಷ್ಟ್ರು ಕುರ್ಚಿ ಹಿಡಿದುಕೊಂಡು ಎದ್ದರು.

"ಗೊತ್ತಿತ್ತು ಕಣವ್ವ" ಅಂದರು.

"ಏನು ಗೊತ್ತಿತ್ತು ಮೇಷ್ಟ್ರೇ? ಪೂರ್ತಿ ಹೇಳಿ."

"ಬ್ಯಾಡ ಕಣವ್ವ."

"ಹೇಳಿ."

"ಮಹದೇವು ಹೋಗ್ಬುಟ್ಟ ಕಣವ್ವ. ನಿನ್ ಗಂಡ ಮಹದೇವು ಸತ್ತೋದ. ಉಣ್ತಾ ಕೂತಂಗೇ ಸತ್ತೋದ. ನೀನು ಬಣ್ಣ ಹಚ್ಕೋತಿದ್ದೆ. ಮಗು ಫೋನ್ ಮಾಡ್ತು. ನಿನ್ ಹತ್ರ ಬಂದೆ, ಕನ್ನಡಿಲಿ ನನ್ ನೋಡಿ ನಗಾಡ್ದೆ ನೀನು. ನಂಗೆ ಬಾಯಿ ಬರ್ನಿಲ್ಲ. ಹೋಗಿ ಪೇಟಿ ಮುಂದೆ ಕೂತ್ಕಂಡ್ಬುಟ್ಟೆ."

ಕೇಳಿದೆ. ಪೂರ್ತಿ ಕೇಳಿದೆ. ಕನ್ನಡಿಯಲ್ಲಿ ನಕ್ಕಿದ್ದು ನನಗೆ ನೆನಪಿರಲಿಲ್ಲ.

ಆಮೇಲಿಂದು ಸರಿಯಾಗಿ ಗೊತ್ತಿಲ್ಲ. ಅತ್ತೆ ಅಂತ ಬಿಂದು ಹೇಳ್ತಾಳೆ. ತುಂಬಾ ಹೊತ್ತು ಅತ್ತೆನಂತೆ, ಹಾಡಿಲ್ಲ, ರಾಗವಿಲ್ಲ, ಮೂಗು ಬಾಯಿ ಒಂದಾಗಿ ಅತ್ತೆನಂತೆ. ಅವಳೂ ಸ್ಟೇಜು ಹತ್ತಿ ನನ್ನ ಪಕ್ಕ ಕೂತಿದ್ದಳಂತೆ. ಇರಬಹುದು, ಸೆರಗು ಒದ್ದೆಯಾಗಿತ್ತು. ಸಭೆಯೋರು ಅದೂ ನಾಟಕ ಅಂತಲೇ ಅಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಟ್ಟಲಿ.

ಮೇಷ್ಟ್ರು ಮೇಕಪ್ ರೂಮಿಗೆ ಬಂದು ಕಾಲಿಗೆ ಬೀಳೋಕೆ ಬಗ್ಗಿದರು. ಬೀಳಿಸಿಕೊಳ್ಳಲಿಲ್ಲ. "ಕ್ಷಮಿಸಿದ್ಲು ಅಂದ್ಕೊಂಡು ಹೋಗ್ಬೇಡಿ ಮೇಷ್ಟ್ರೇ. ಕ್ಷಮಿಸಿಲ್ಲ" ಅಂದೆ.

"ಬ್ಯಾಡ ಕಣವ್ವ, ಕ್ಷಮಿಸ್ಬ್ಯಾಡ" ಅಂದರು. ದಿನಾ ಫೋನ್ ಮಾಡ್ತಿದ್ದದ್ದು ಸ್ಟೇಜಿನ ಮುಂದೆ ಹೇಳಿದ್ದನ್ನ ಹೇಳೋಕೇನೇ ಅಂತೆ, ಯಾವ ನಾಟಕಕ್ಕೂ ಕರೆಯೋಕಲ್ಲ. ಆಮೇಲೆ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಈ ವಯಸ್ಸಲ್ಲಿ ಈಗ ಯಾವ ಬಸ್ಸು, ಎಲ್ಲಾದರೂ ಬಿದ್ದು ಸತ್ತರೆ ಅದೂ ನನ್ನ ತಲೆಗೆ ಅಂತ ರೇಗಿ, ಮನೆಗೆ ಕರ್ಕೊಂಡು ಬಂದೆ. ಬಿಸಿ ಅನ್ನ ಹಾಕಿದೆ. ಹೊರಗಿನ ರೂಮಲ್ಲಿ ಮಲಗಿದ್ದಾರೆ. ಮಹದೇವು ಹೊದೀತಿದ್ದ ಕಂಬಳಿ ಬಿಟ್ಟರೆ ಬೇರೆ ಇರಲಿಲ್ಲ, ಅದನ್ನೇ ಕೊಟ್ಟೆ.

ಫೆಬ್ರವರಿ 23

ಬೆಳಗ್ಗೆ ಬಿಂದು ಮೇಷ್ಟ್ರನ್ನ ಬಸ್ಸು ಹತ್ತಿಸಿ ಬಂದಳು. ಕುರ್ಚಿ ಹಿಡಿದುಕೊಂಡು ಏಳೋರನ್ನ ಒಬ್ಬರನ್ನೇ ಕಳಿಸೋದು ಹೆಂಗೆ ಅಂತ ಅವಳೇ ಹೊರಟಳು. ದಾರಿಯಲ್ಲಿ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ.

ಆಮೇಲೆ ನಿಶ್ಚಿತಾ ಫೋನು. ನಿನ್ನೆ ಅಪ್ಪಿಕೊಂಡು ಅತ್ತ ಹುಡುಗಿ ಇವತ್ತು ಮತ್ತೆ ನಿರ್ದೇಶಕಿ ಆಗಿಬಿಟ್ಟಿದ್ದಾಳೆ. ನೋಡಿದೋರೆಲ್ಲ ಅದೇ ಮಾತಂತೆ. ಇಂಥಾ ಪರಿಣಾಮ ಯಾವ ನಾಟಕದಲ್ಲೂ ನೋಡಿಲ್ಲ ಅಂತಿದ್ದಾರಂತೆ. ಮುಂದಿನ ಭಾನುವಾರ ಇನ್ನೊಂದು ಪ್ರದರ್ಶನ ಬೇಕಂತೆ.

"ಪ್ರೇಮಮ್ಮ, ಮೇಷ್ಟ್ರು ಅವತ್ತೂ ಅದೇ ಕುರ್ಚಿಲಿ ಕೂತ್ಕೊಂಡು, ನೀವು ಕೇಳ್ದಾಗ ಎದ್ದು..."

"ಆಗೋಲ್ಲ."

"ಜನ ಅದನ್ನ ನೋಡೋಕೇ ಬರ್ತಾರೆ."

"ಬರ್ಲಿ. ಅವರು ಹೇಳ್ಬೇಕಾಗಿದ್ದು ನಂಗೆ, ಹೇಳಿ ಆಯ್ತು. ಯಾರೋ ಬಂದು ಕರುಣೆ ಉಕ್ಕಿಸ್ಕೊಂಡು ತಿಳಿಯಾಗಿ ಮನೆಗೆ ಹೋಗೋಕೆ ಇಟ್ಟದ್ದಲ್ಲ ಅದು."

ಹುಡುಗಿ ಕೆಟ್ಟವಳಲ್ಲ. "ತಪ್ಪಾಯ್ತು" ಅಂದಳು. ಆಮೇಲೆ ಮೆತ್ತಗೆ, "ಹಾಗಾದ್ರೆ ಕೊನೇಲಿ ಏನು ಮಾಡ್ತೀರಿ?" ಅಂದಳು.

"ನೀನು ಬರ್ದಂಗೇ. ಸುದ್ದಿ ಕೇಳ್ತಾಳೆ, ಮಾತಾಡ್ದೆ ಒಳಗೆ ಹೋಗ್ತಾಳೆ, ಬಾಗಿಲು ಹಾಕ್ಕೋತಾಳೆ."

"ಒಳಗೆ ಹೋಗಿ ಏನು ಮಾಡ್ತಾಳೆ ಪ್ರೇಮಮ್ಮ? ನನಗೆ ಗೊತ್ತಿದ್ರೆ ಮೇಳಕ್ಕೆ ಹೇಳಿಕೊಡೋಕೆ..."

"ಅದು ನಿಂಗ್ಯಾಕೆ? ಅಳ್ತಾಳೋ, ಉಣ್ತಾಳೋ, ಮಲಗ್ತಾಳೋ, ಅವಳಿಷ್ಟ. ಇಷ್ಟು ದಿನ ಎಲ್ಲ ಗೊತ್ತಿತ್ತಲ್ಲ ನಿಮಗೆ? ಇನ್ನು ಮೇಲೆ ಗೊತ್ತಿಲ್ಲದೆ ಹೊರಗೆ ಕೂತಿರಿ."